ಒಂದೊಂದೇ ಕೈ

"ರಾಂಡಲ್ ಎತ್ಕೊಂಡು ಹೋಗ್ಲಿ ಬಿಡು," ಎಂದ ಎಸ್ಟಿಲ್, ಗೋಡೆಗೆ ತೂಗುಹಾಕಿದ್ದ ತಂತಿವಾದ್ಯ ಡಲ್ಸಿಮರ್ ಕಡೆ ಗದ್ದ ತಿರುಗಿಸಿ. ಲಕ್ವ ಹೊಡೆದು ಬಲಗೈ ಬಿದ್ದುಹೋದಂದಿನಿಂದ ಅವನ ಬಾಯಿಂದ ಮಾತು ಹೊರಡುವುದೇ ಕಷ್ಟ. ಹೊರಟರೆ ಇಂಥದ್ದು. ತಮ್ಮನ ಮಗ ರಾಂಡಲ್‌ಗೆ ಅದನ್ನು ಕೊಟ್ಟುಬಿಡುವುದೆಂದು ತಾನೇ ತೀರ್ಮಾನ ಮಾಡಿದ್ದ. ರಾಂಡಲ್ ಇನ್ನೇನು ಟ್ರಕ್ ತರುವ ಹೊತ್ತು.

ಅವನ ಹೆಂಡತಿ ಡೆಲ್ಫಿಯಾ ಉರಿದುಬಿದ್ದಳು. ಕೊಟ್ಟುಬಿಡುವುದಕ್ಕೆ ಅದೇನು ಹಳೇ ಕುರ್ಚಿಯೇ? ಕೆಂಟಕಿಯ ಆ ಬೆಟ್ಟಗಳಲ್ಲಿ ಎಲ್ಲರ ಮನೆಯಲ್ಲೂ ಇರುವ ಡಲ್ಸಿಮರ್ ಒಬ್ಬರು ನುಡಿಸುವಂಥದ್ದು. ಇದು ಹಾಗಲ್ಲ. ಅಗಲವಾದ ಒಂದೇ ಪೆಟ್ಟಿಗೆ, ಅದರ ಎರಡು ಅಂಚಿಗೂ ಬೇರೆ ಬೇರೆ ತಂತಿಗಳು. ಇಬ್ಬರು ಎದುರುಬದುರು ಕೂತು, ನಾಲ್ಕೂ ತೊಡೆಗಳ ಮೇಲೆ ಇಟ್ಟುಕೊಂಡು ನುಡಿಸಬೇಕು. ಮಗಳನ್ನು ಮೆಚ್ಚಿ ಬಂದ ಹುಡುಗನನ್ನು ಅಪ್ಪಂದಿರು ಇದರ ಮುಂದೆ ಕೂರಿಸುತ್ತಿದ್ದರು. ಎಡಗೈಯಲ್ಲಿ ತಂತಿ ಒತ್ತುವ ಕಡ್ಡಿ, ಬಲಗೈಯಲ್ಲಿ ಮೀಟುವುದಕ್ಕೆ ಟರ್ಕಿ ಕೋಳಿಯ ಗರಿ. ನಾಲ್ಕು ಕೈಗೂ ಕೆಲಸ! ಎರಡೂ ಕಡೆಯ ನಾದ ಕೇಳುತ್ತಿರುವವರೆಗೆ ಪಕ್ಕದ ಕೋಣೆಯಲ್ಲಿ ಕೂತ ಅಪ್ಪನಿಗೆ ನೆಮ್ಮದಿ. ನಿಂತಿತೋ, ಡೆಲ್ಫಿಯಾಳ ಅಪ್ಪ ಹೋಬರ್ಟ್ ಊರುಗೋಲಿನಿಂದ ಹಲಗೆಗೋಡೆಗೆ ದಬದಬ ಬಡಿಯುತ್ತಿದ್ದ. "ಏನ್ ನಡೀತಿದೆ ಅಲ್ಲಿ? ಸದ್ದೇ ಇಲ್ಲ!"

ಅವಳು ಡಲ್ಸಿಮರ್ ಕೆಳಗಿಳಿಸಿ, ಅಂಗಿಯ ತೋಳಿನಿಂದ ಧೂಳು ಒರೆಸಿ, ಕುರ್ಚಿ ಎಳೆದುಕೊಂಡು ಗಂಡನ ಎದುರು ಕೂತಳು. ಪೆಟ್ಟಿಗೆಯ ಅರ್ಧ ಅವನ ತೊಡೆಯ ಮೇಲೆ, ಅರ್ಧ ತನ್ನ ತೊಡೆಯ ಮೇಲೆ.

"ಗರಿ... ಹಿಡಿಯಕ್ಕಾಗಲ್ಲ," ಎಂದ ಅವನು ಮುಖ ತಿರುಗಿಸಿ.

"ಗರಿ ಹಿಡಿ ಅಂತ ನಿನ್ನನ್ಯಾರು ಕೇಳಿದ್ರು? ನಮ್ಮಪ್ಪನ ಮನೇಲಿ ನೀನು ಗರಿ ಹಿಡಿದಿದ್ದಾದ್ರೂ ಯಾವಾಗ ಮಾರಾಯ?"

ಎಸ್ಟಿಲ್‌ನ ಕಣ್ಣು ಅವಳ ಕಡೆ ಹೊರಳಿತು.

ಮದುವೆಗೆ ಮುಂಚಿನ ಆ ಚಳಿಗಾಲ! ಎರಡನೆಯ ಸಲ ಬಂದಾಗ ಅವನ ಎಡಗೈ ಬೆರಳ ತುದಿಗಳಲ್ಲೆಲ್ಲ ಬೊಬ್ಬೆ. ತನ್ನ ಮನೆಯ ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ಕೂತು ಅಭ್ಯಾಸ ಮಾಡಿಕೊಂಡು ಬಂದಿದ್ದ ಕಳ್ಳ. ಕಡ್ಡಿಯೂ ಬೇಡ, ಗರಿಯೂ ಬೇಡ. ಎಡಗೈಯ ತೋರುಬೆರಳಿನಿಂದ ತಂತಿ ಒತ್ತಿ, ಅದೇ ಕೈಯ ಉಂಗುರ ಬೆರಳಿನಿಂದ ಮೀಟುವುದು. ಪಿಸುಮಾತಿನಲ್ಲೇ ಅವಳಿಗೂ ಕಲಿಸಿದ. ಅವಳಿಗೆ ಬರುವಷ್ಟರಲ್ಲಿ ಅವಳ ಬೆರಳಲ್ಲೂ ಬೊಬ್ಬೆ ಎದ್ದಿತ್ತು. ಆಮೇಲೆ ಕೇಳಬೇಕೇ? ಮೇಲೆ ಎರಡು ಎಡಗೈ ಹಾಡು ನುಡಿಸುತ್ತಿದ್ದವು, ಪೆಟ್ಟಿಗೆಯ ಕೆಳಗೆ ಎರಡು ಬಲಗೈ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದವು. "ಯಾಕಿಷ್ಟು ಮೆತ್ತಗೆ?" ಎಂದು ಹೋಬರ್ಟ್ ಕೂಗಿದರೆ, "ಗರಿ ಸವೆದುಹೋಗಿದೆ ಅಪ್ಪಾ," ಎನ್ನುತ್ತಿದ್ದಳು ಡೆಲ್ಫಿಯಾ. ಪಾಪ, ಮುದುಕ ಹಿಮದಲ್ಲಿ ಟರ್ಕಿ ಕೋಳಿಯ ಹಿಂದೆ ಓಡಿ ಹೊಸ ಗರಿ ಕಿತ್ತು ತಂದುಕೊಡುತ್ತಿದ್ದ. ವಸಂತ ಬರುವ ಹೊತ್ತಿಗೆ ಆ ಕೋಳಿಗೆ ಬಾಲವೇ ಇರಲಿಲ್ಲ. ಮದುವೆಯಾದ ಮೇಲೆ ಕೈ ಹಿಡಿಯುವುದಕ್ಕೆ ಯಾರ ಭಯವೂ ಇರಲಿಲ್ಲವಲ್ಲ, ಮತ್ತೆ ಕಡ್ಡಿ ಗರಿಗಳೇ ಬಂದವು. ಬೆರಳಿನ ವಿದ್ಯೆ ಇಬ್ಬರಿಗೂ ಮರೆತುಹೋಯಿತು.

ಡೆಲ್ಫಿಯಾ ಅವನ ಸತ್ತ ಬಲಗೈಯನ್ನು ಎತ್ತಿ, ಪೆಟ್ಟಿಗೆಯ ಕೆಳಗೆ ತನ್ನ ಬಲಗೈಯಲ್ಲಿ ಹಿಡಿದುಕೊಂಡಳು. ತಣ್ಣಗಿತ್ತು. "ಹೂಂ, ಈಗ ಒತ್ತು. ಉಂಗುರ ಬೆರಳಲ್ಲಿ ಎಳೆದು ಬಿಡು."

ಎಳೆದ. ತಂತಿ ಕರಕರ ಎಂದಿತು. ಇನ್ನೊಮ್ಮೆ ಎಳೆದ. ಬೆರಳು ಜಾರಿ ಪಕ್ಕದ ತಂತಿಗೆ ಬಡಿಯಿತು. ಅವನ ಮುಖ ಕೆಂಪಾಯಿತು. "ಬೇಡ. ಕೊಟ್‌ಬಿಡು ಅವನಿಗೆ."

"ಉಗುರಿಂದ ಎಳೀಬೇಡ, ಬೆರಳಿನ ತುದಿಯಿಂದ ಎಳಿ. ನೀನೇ ಹೇಳ್ಕೊಟ್ಟಿದ್ದು. ಅವತ್ತು ನಾನೂ ಬೇಡ ಬೇಡ ಅಂದೆ, ನೀನು ಬಿಟ್ಯಾ?"

ಹಾಗೆ ಬೈಯುತ್ತಲೇ ಅವಳು ತನ್ನ ಕಡೆಯ ತಂತಿ ಮೀಟಿದಳು. ಅವಳದೂ ತಪ್ಪಿತು. ಎಸ್ಟಿಲ್ "ಹ್ಹ" ಎಂದ. ನಕ್ಕದ್ದೋ ಕೆಮ್ಮಿದ್ದೋ ತಿಳಿಯಲಿಲ್ಲ. ಆಮೇಲೆ ಅವನ ಬೆರಳು ತಾನಾಗಿಯೇ ತಂತಿಯ ಮೇಲೆ ಹೋಯಿತು. ಒಂದು ಸ್ವರ ಸರಿಯಾಗಿ ಬಿತ್ತು, ಅದರ ಹಿಂದೆ ಇನ್ನೊಂದು. ಹಾಡು ಕುಂಟಿಕೊಂಡು ಎದ್ದು ನಡೆಯಿತು. ಅವಳು ಅದರ ಹಿಂದೆಯೇ ಹೋದಳು.

ಅಂಗಳದಲ್ಲಿ ಟ್ರಕ್ ನಿಂತ ಸದ್ದಾಯಿತು. ಮಗಳು ಜುನೆಲ್ ಅಡುಗೆಮನೆಯ ಬಾಗಿಲಿನಿಂದ ಇಣುಕಿ, ಇಬ್ಬರನ್ನೂ ನೋಡಿ, ಅಲ್ಲೇ ನಿಂತುಬಿಟ್ಟಳು. ಅಪ್ಪ ಅಮ್ಮನ ಈ ಕಥೆ ಕೇಳಿಕೊಂಡೇ ಬೆಳೆದವಳು ಅವಳು. "ಅಪ್ಪಾ, ರಾಂಡಲ್ ಬಂದಿದ್ದಾನೆ. ಏನ್ ಹೇಳ್ಲಿ?"

ಎಸ್ಟಿಲ್ ತಂತಿಯಿಂದ ಕಣ್ಣೆತ್ತಲಿಲ್ಲ.

"ಊಟ... ಹಾಕಿ ಕಳ್ಸು."

ಜುನೆಲ್ ಒಳಗೆ ಹೋದಳು. ಡೆಲ್ಫಿಯಾಗೆ ತಡೆಯಲಾಗಲಿಲ್ಲ. ಕಣ್ಣು ತುಂಬಿ ತಂತಿಯೇ ಕಾಣದಂತಾಗಿ ಅವಳ ಬೆರಳು ನಿಂತಿತು, ಅವಳದು ನಿಂತಿದ್ದಕ್ಕೆ ಅವನದೂ ನಿಂತಿತು. ಮನೆಯೆಲ್ಲ ನಿಶ್ಶಬ್ದ. ಆಗ ಅಡುಗೆಮನೆಯ ಕಡೆಯಿಂದ ಮರದ ಸೌಟು ಹಲಗೆಗೋಡೆಗೆ ದಬದಬ ಬಡಿಯಿತು.

"ಏನ್ ನಡೀತಿದೆ ಅಲ್ಲಿ? ಸದ್ದೇ ಇಲ್ಲ!"

ಎಸ್ಟಿಲ್ ಓರೆಗಣ್ಣಿನಿಂದ ಗೋಡೆಯನ್ನು ನೋಡಿದ. ಸರಿಯಿದ್ದ ಅರ್ಧ ಬಾಯಲ್ಲಿ ನಗುತ್ತಾ ಅವಳತ್ತ ಬಾಗಿ ಪಿಸುಗುಟ್ಟಿದ:

"ನುಡಿಸೇ, ನುಡಿಸು... ನಿಮ್ಮಪ್ಪ ಬಂದ್‌ಬಿಡ್ತಾನೆ."