ಕದ್ದ ಅಳತೆ

"ಅಕ್ಕಾ, ನಿನ್ನ ಮೂವತ್ತು ವರ್ಷದ ಲೆಕ್ಕ ಕಳ್ಳನ ಪಾಲಾಯ್ತು!" ತಂಗಿ ಲ್ಯಾಪ್‌ಟಾಪನ್ನು ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಕ್ಕಿದಳು. ಎರಡು ಬೀದಿ ಆಚೆಯ ದರ್ಜಿಯ ವೆಬ್‌ಸೈಟು ಅದು. ಎದೆ, ಭುಜ, ತೋಳಿನ ಅಳತೆ ತುಂಬಿದರೆ ಕೋಟಿನ ನಕ್ಷೆ ತಾನೇ ಮೂಡುವ, ಅಕ್ಕನ ಅಂಗಡಿಯದೇ ಪುಟ. ಬದಲಾಗಿದ್ದುದು ಅಂಗಡಿಯ ಹೆಸರೊಂದೇ.

ಅಕ್ಕ ಕತ್ತರಿ ಕೆಳಗಿಟ್ಟು ಪರದೆಯತ್ತ ಬಾಗಿದಳು. ಯಾವ ಮೈಗೆ ಎಲ್ಲಿ ಕತ್ತರಿಯ ಗೆರೆ ಎಳೆಯಬೇಕು ಎಂಬುದನ್ನು ಅವಳು ಯಾರ ಬಳಿಯೂ ಕಲಿತದ್ದಲ್ಲ, ಬಟ್ಟೆ ಹಾಳು ಮಾಡಿ ಮಾಡಿಯೇ ಕಂಡುಕೊಂಡದ್ದು. ಅದನ್ನು ಕಂಪ್ಯೂಟರ್ ಕೋಡಿಗೆ ಇಳಿಸಿದವಳು ತಂಗಿ.

"ಭದ್ರವಾಗಿದೆ ಅಂದಿದ್ದೆಯಲ್ಲೇ?"

"ನಾನೇ ನೋಡಿದ್ರೂ ತಲೆಬುಡ ತಿಳೀದ ಹಾಗೆ ಕೋಡನ್ನೆಲ್ಲ ಗೋಜಲು ಮಾಡಿಟ್ಟಿದ್ದೆ ಅಕ್ಕಾ. ಈ ಪುಣ್ಯಾತ್ಮ ಓದೋಕೇ ಹೋಗಿಲ್ಲ, ಇದ್ದ ಹಾಗೇ ಎತ್ಕೊಂಡಿದ್ದಾನೆ! ಗಿರಾಕಿಯ ಬ್ರೌಸರಿಗೆ ಕಳಿಸಿದ್ದು ಬೀದೀಲಿ ಇಟ್ಟ ಹಾಗೇ. ಲೆಕ್ಕ ನಮ್ಮ ಸರ್ವರ್‌ನಲ್ಲೇ ಇರಬೇಕಿತ್ತು, ನಕ್ಷೆ ಮಾತ್ರ ಹೊರಗೆ ಹೋಗಬೇಕಿತ್ತು. ನಂದೇ ತಪ್ಪು."

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ತಂಗಿ ವಾರವಿಡೀ ಕೂತು ಲೆಕ್ಕವನ್ನು ಸರ್ವರ್‌ಗೆ ಸಾಗಿಸಿದಳು. ಕದ್ದವನ ಪುಟವೇನೂ ನಿಲ್ಲಲಿಲ್ಲ. ಅಕ್ಕನ ಹಳೆಯ ಗಿರಾಕಿಗಳೂ ಒಬ್ಬೊಬ್ಬರಾಗಿ ಅತ್ತ ಹೊರಳಿದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ದರ್ಜಿಯೇ ಮೂರು ಕೋಟು ಹೊತ್ತು ಬಾಗಿಲಲ್ಲಿ ನಿಂತ. ಕದ್ದವನಿಗೆ ನಾಚಿಕೆಯಾದರೂ ಇರಬೇಕಪ್ಪ. ಈ ಮಹಾರಾಯನಿಗೆ ಇದ್ದದ್ದು ಸಿಟ್ಟು.

"ನೋಡಿ ಮೇಡಂ, ನಿಮ್ಮ ಲೆಕ್ಕ ಸರಿ ಇಲ್ಲ. ಹೊಲಿದ ಕೋಟುಗಳೆಲ್ಲಾ ಭುಜದಲ್ಲಿ ಜೋತುಬೀಳ್ತಿವೆ. ಗಿರಾಕಿಗಳು ಮುಖದ ಮೇಲೆ ಎಸೆದು ಹೋಗ್ತಿದ್ದಾರೆ!"

ಎಲಾ ಇವನ! ಅಕ್ಕ ಒಂದು ಕೋಟನ್ನು ಒಳಮಗ್ಗುಲು ತಿರುಗಿಸಿ ಭುಜದ ಹೊಲಿಗೆಯನ್ನು ನೋಡಿದಳು. ಎರಡು ತಿಂಗಳಿಂದ ಬಾಡಿದ್ದ ಮುಖ ಅರಳಿತು.

"ಗೆರೆ ಮೇಲೇ ಕತ್ತರಿಸ್ತೀರಿ, ಅಲ್ವಾ?"

"ಮತ್ತೆಲ್ಲಿ ಕತ್ತರಿಸ್ಬೇಕು?"

"ಭುಜದ ತಿರುವಲ್ಲಿ ನನ್ನ ಕತ್ತರಿ ಯಾವಾಗ್ಲೂ ಗೆರೆಯಿಂದ ಅರ್ಧ ಇಂಚು ಒಳಗೇ ಓಡುತ್ತೆ. ಹಳೇ ಚಾಳಿ, ಏನು ಮಾಡಿದ್ರೂ ಬಿಡಲಿಲ್ಲ. ಅದಕ್ಕೇ ಲೆಕ್ಕದಲ್ಲಿ ಅಲ್ಲಿಗೆ ಅರ್ಧ ಇಂಚು ಜಾಸ್ತಿ ಸೇರಿಸಿಟ್ಟಿದ್ದೀನಿ."

ತಂಗಿ ಕಿಸಕ್ಕನೆ ನಕ್ಕಳು. ದರ್ಜಿ ಕೋಟನ್ನೊಮ್ಮೆ, ಅಕ್ಕನ ಕೈಯನ್ನೊಮ್ಮೆ ನೋಡಿದ. ಅಕ್ಕ ತನ್ನ ಕತ್ತರಿಯನ್ನು ಅವನ ಅಂಗೈಯಲ್ಲಿಟ್ಟು, ಬಲು ಸಮಾಧಾನದಿಂದ ಹೇಳಿದಳು:

"ನನ್ನ ಕೈಯ ಚಾಳಿಯೂ ಬೇಕಂದ್ರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ. ಗಿರಾಕಿಗಳು ವಾಪಸ್ ಬಂದ್ರೆ ನಂಗೂ ಕೆಲಸಕ್ಕೆ ಒಬ್ಬರು ಬೇಕಾಗ್ತಾರೆ."