ಸೆಕ್ರೆಟರಿ ಕೊಟ್ಟ ಜಾಲರಿ

“ಏನ್ರೀ ಕಮಲಾಕ್ಷ, ಇದೇನ್ ಸೊಸೈಟಿನೋ, ಹುಳದ ಸಂತೀನೋ?” ಕಮಲಾಕ್ಷ ಹೊಟ್ಟೆ ಮುಂದೆ ಮಾಡಿ, ಇಲ್ಲದ ಮೀಸೆ ತಿರುವಿ, ನೆರೂಳದ ತಮ್ಮ ಕಟ್ಟಡದ ಸೆಕ್ರೆಟರಿ ಮಹಾದೇವಪ್ಪನ ದನಿ ತೆಗೆದ. ಟೆರೇಸಿನಲ್ಲಿ ಹಪ್ಪಳ ಒಣಹಾಕುತ್ತಿದ್ದ ಹೆಂಡತಿ ಜಯಲತಾ ನಗಲಿಲ್ಲ. ಅವಳ ಕಣ್ಣು ಗಂಡನ ಬೆನ್ನ ಹಿಂದೆ ನೆಟ್ಟಿತ್ತು.

“ಮುಂದ ಹೇಳ್ರಿ, ಹೇಳ್ರಿ,” ಎಂದಿತು ಅಸಲಿ ದನಿ. “ಭಾರೀ ಛಲೋ ನಡದಿತ್ತು.”

ಮಹಾದೇವಪ್ಪ ಸೀದಾ ಕಮಲಾಕ್ಷ ಟೆರೇಸಿನ ಮೂಲೆಯಲ್ಲಿ ಸಾಕಿದ್ದ ಜೇನುಪೆಟ್ಟಿಗೆಯತ್ತ ಬೆರಳು ಚಾಚಿದ. ಪೆಟ್ಟಿಗೆಯ ಬಾಯಿಂದ ಜೇನುಹುಳಗಳು ಗೊಂಚಲಾಗಿ ಇಳಿಬಿದ್ದಿದ್ದವು, ಯಾರೋ ಅದಕ್ಕೆ ಗಡ್ಡ ಅಂಟಿಸಿದ ಹಾಗೆ. ಅದರ ಫೋಟೋ ಬೆಳಿಗ್ಗೆಯೇ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಬಿದ್ದಿತ್ತು. ಕೆಳಗೆ ಸೆಕ್ರೆಟರಿಯ ಒಕ್ಕಣೆ: ‘ಅಟ್ಯಾಕಿಗೆ ತಯಾರಿ’.

“ಅಟ್ಯಾಕೂ ಇಲ್ಲ, ಎಂತದೂ ಇಲ್ಲ ಮಾರಾಯ್ರೆ,” ಎಂದ ಕಮಲಾಕ್ಷ. “ ಮೇ ತಿಂಗಳ ಸೆಕೆ. ಒಳಗೆ ಬೇಯ್ತದೆ, ಹೊರಗೆ ಬಂದು ಕೂತಿದ್ದಾವೆ ಪಾಪ. ಅಡಿಹಲಗೆ ತೆಗೆದು ಜಾಲರಿ ಹಾಕಿದ್ರೆ ಗಾಳಿಯಾಡ್ತದೆ, ಒಳಗೆ ಹೋಗ್ತಾವೆ.”

“ರವಿವಾರ ಇಲ್ಲೇ ಮೀಟಿಂಗ್ ಐತಿ. ಅಷ್ಟ್ರಾಗ ಒಳಗ ಹೋದ್ರ ಪೆಟಿಗಿ ಇರ್ಲಿ. ಇಲ್ಲಂದ್ರ ಖಾಲಿ ಮಾಡ್ಸೂದ. ಮತ್ತ ಜಾಲರಿಗೆ ಯಾಕ ಚಿಂತಿ? ನಮ್ಮನಿ ಕಿಡಕಿಗೆ ಹಾಕಿ ಉಳದದ್ದು ಕೊಡ್ತೀನಿ. ಡಬಲ್ ಹಾಕ್ಸೀನಿ. ಸೊಳ್ಳಿ ಬಿಡ್ರಿ, ಸೊಳ್ಳಿ ಹಾಡೂ ಒಳಗ ಬರಂಗಿಲ್ಲ.”

“ಗಾಳಿ?” ಎಂದಳು ಜಯಲತಾ.

“ಗಾಳಿ ತಗೊಂಡ್ ಏನ್ ಮಾಡ್ತೀರಿ ವೈನಿ, ಫ್ಯಾನ್ ಐತಲ್ಲ!”

ಸೆಕ್ರೆಟರಿಯ ಉಡುಗೊರೆ ಬೇಡವೆನ್ನುವುದುಂಟೇ? ಕಮಲಾಕ್ಷ ತೆಂಗಿನ ನಾರಿನ ಹೊಗೆ ಹಾಕಿ, ಅಡಿಹಲಗೆ ಬಿಚ್ಚಿ, ಸೊಳ್ಳೆಪರದೆಯ ಜಾಲರಿ ಬಡಿದ. ಗುರುವಾರದ ಹೊತ್ತಿಗೆ ಮೇಣದ ಪುಡಿ, ಹೂವಿನ ಧೂಳು ಎಲ್ಲ ಸೇರಿ ಅದರ ಕಣ್ಣು ಮುಚ್ಚಿಹೋಗಿತ್ತು. ಪೆಟ್ಟಿಗೆಯ ಗಡ್ಡ ಎದೆಯವರೆಗೆ ಇಳಿದಿತ್ತು. ಅದಕ್ಕಿಂತ ಕೆಟ್ಟದ್ದು, ಹುಳಗಳು ಕಾಲಲ್ಲಿ ಪರಾಗ ಹೊತ್ತು ತರುವುದನ್ನೇ ನಿಲ್ಲಿಸಿದ್ದವು. ಕಮಲಾಕ್ಷನಿಗೆ ನಿದ್ದೆ ಹಾರಿತು. ಗೂಡು ಬಿಡುವ ತುಡುವೆ ಜೇನು ನೋಟಿಸು ಕೊಡುವುದಿಲ್ಲ, ಡಿಪಾಸಿಟ್ಟೂ ಕೇಳುವುದಿಲ್ಲ. ಅಡುಗೆಗೆ ಸಾಮಾನು ತರುವುದು ನಿಲ್ಲಿಸುತ್ತದೆ, ಒಂದು ದಿನ ಇಡೀ ಸಂಸಾರ ಎದ್ದು ಹೋಗುತ್ತದೆ. ಸೆಕ್ರೆಟರಿ ಖಾಲಿ ಮಾಡಿಸುವ ಮೊದಲೇ ಅವು ಖಾಲಿ ಮಾಡುವಂತಿದ್ದವು.

ಈಗ ಬೇಕಾದದ್ದು ಪುಡಿ ಉದುರುವಷ್ಟು ದೊಡ್ಡ, ಹುಳ ನುಸುಳದಷ್ಟು ಸಣ್ಣ ತೂತು. ಆಯುಷ್ಯವೆಲ್ಲ ನೌಪಾಡಾದಲ್ಲಿ ಹೋಟೆಲು ನಡೆಸಿದವನಿಗೆ ತೂತು ಎಂದರೆ ನೆನಪಾಗುವುದು ಅಡುಗೆಮನೆಯೇ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಂತೆ ಇಟ್ಟದ್ದೂ ನೀರು ತುಂಬಿದ ಚಟ್ನಿ ಬಟ್ಟಲುಗಳಲ್ಲೇ. ಶುಕ್ರವಾರ ಅವನು ಹೋಟೆಲಿನಲ್ಲಿ ಬೂಂದಿ ಕರಿಯುತ್ತಿದ್ದ ಹಳೇ ತೂತುಸೌಟು ತಂದು ಪೆಟ್ಟಿಗೆಯ ಅಡಿಗೆ ಹಿಡಿದ. ಒಂದು ಹುಳ ಅದರ ಕಣ್ಣಿನಿಂದ ಬೂಂದಿಕಾಳಿನ ಹಾಗೆ ಉದುರಿ, ಅವನ ಮೂಗಿಗೆ ಕುಟುಕಿಯೇ ಮೇಲೆದ್ದಿತು. ಊದಿದ ಮೂಗಿನಲ್ಲೇ ಅವನು ಅಡುಗೆಮನೆಗೆ ನುಗ್ಗಿ ಗೋಡೆಯ ಮೇಲಿನ ಸ್ಟೀಲಿನ ನುಚ್ಚಿನ ಜರಡಿಯನ್ನು ದಿಟ್ಟಿಸಿದ.

“ಮುಟ್ಟಿ ನೋಡಿ,” ಎಂದಳು ಜಯಲತಾ. “ಕುಂದಾಪುರದಿಂದ ಅಮ್ಮ ಕೊಟ್ಟದ್ದು. ನಿಮ್ಮನ್ನೇ ಜರಡಿ ಹಿಡೀತೇನೆ.”

“ಮುಟ್ಟಲಿಲ್ಲ ಮಾರಾಯ್ತಿ. ನೋಡಿದ್ದಕ್ಕೂ ಬೈಗುಳವಾ?” ಮೂಗು ಕಟ್ಟಿದ್ದರಿಂದ ಆ ದನಿ ಯಾರದ್ದೋ ಮಿಮಿಕ್ರಿಯಂತೆ ಕೇಳಿಸಿತು. ಜಯಲತಾ ನಕ್ಕುಬಿಟ್ಟಳು. ಆಮೇಲೆ ತಾನೇ ಜರಡಿ ಹಿಡಿದು ಮೇಲೆ ಹೋದಳು. ಪೆಟ್ಟಿಗೆಯಡಿಯ ಕಸ ಬಾಚಿ ಜರಡಿಗೆ ಹಾಕಿ ಆಡಿಸಿದಳು. ಪುಡಿಯೆಲ್ಲ ಕೆಳಗೆ ಸುರಿಯಿತು, ಸತ್ತ ಹುಳವೊಂದು ಮೇಲೆಯೇ ಉಳಿಯಿತು. “ಕಣ್ಣು ಸರಿಯಾಗಿದೆ. ತುಕ್ಕೂ ಹಿಡಿಯುವುದಿಲ್ಲ. ಕತ್ತರಿಸಿ,” ಎಂದವಳೇ ಬೇರೆ ಕಡೆ ಮುಖ ತಿರುಗಿಸಿ ನಿಂತಳು.

ರವಿವಾರ ಮಧ್ಯಾಹ್ನ ಇಡೀ ಸೆಕ್ಟರಿನ ಕರೆಂಟು ಹೋಯಿತು. ಮೀಟಿಂಗಿಗೆ ಇನ್ನೂ ಹೊತ್ತಿರುವಾಗಲೇ ಮಹಾದೇವಪ್ಪ ಒದ್ದೆ ಬನಿಯನ್ನಿನಲ್ಲಿ ಏದುಸಿರು ಬಿಡುತ್ತ ಟೆರೇಸಿಗೆ ಬಂದ. ಹಿಂದೆಯೇ ರಟ್ಟಿನ ಚೂರಿನಿಂದ ಗಾಳಿ ಬೀಸಿಕೊಳ್ಳುತ್ತ ಹೆಂಡತಿ ಗುರಮ್ಮ, ಅವಳ ಹಿಂದೆ ಮಗ, ಸೊಸೆ.

“ಹುಳಾ ಎಲ್ಲಿ ಹೋದ್ವು?” ಪೆಟ್ಟಿಗೆಯ ಬಾಯಿ ನುಣ್ಣಗೆ ಬೋಳಿಸಿದಂತಿತ್ತು.

“ಒಳಗಿದ್ದಾವೆ, ಕೆಲಸದಲ್ಲಿ,” ಎಂದ ಕಮಲಾಕ್ಷ. “ನೀವೆಂತ ಇಷ್ಟು ಬೇಗ?”

“ಏನ್ ಹೇಳ್ಲಿರಿ. ಮನ್ಯಾಗ ಒಂದ್ ಎಳಿ ಗಾಳಿ ಇಲ್ಲ, ಕುಂದ್ರಾಕ ಆಗವಲ್ದು.” ಕಡಲ ಹಿನ್ನೀರಿನ ಖಾಡಿಯ ಕಡೆಯ ಗಾಳಿ ಸಿಗುವುದು ಟೆರೇಸಿನ ಬಾಗಿಲಲ್ಲೊಂದೇ. ಸೆಕ್ರೆಟರಿಯ ಸಂಸಾರ ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದಂತೆ ಗೊಂಚಲಾಗಿ ನಿಂತಿತು.

ಪಕ್ಕದಲ್ಲಿ ಪೆಟ್ಟಿಗೆ ಮೆಲ್ಲಗೆ ಗುಂಯ್‌ಗುಟ್ಟುತ್ತಿತ್ತು. ಜಯಲತಾ ಮೊಬೈಲ್ ತೆಗೆದು ಬಾಗಿಲಿನತ್ತ ಹಿಡಿದು ಒಂದು ಫೋಟೋ ಹೊಡೆದಳು.

“ಗ್ರೂಪಿಗೆ ಹಾಕ್ತಾ ಇದ್ದೇನೆ ಮಹಾದೇವಪ್ಪನವರೇ,” ಎಂದಳು. “ಕೆಳಗೆ ಏನಂತ ಬರೆಯುವುದು? ಅಟ್ಯಾಕಿಗೆ ತಯಾರಿ?”