ಆಯಾ ಅಂತ್ಲೇ ಹಾಕು

ಈ ಹೆಂಗಸು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ರಕ್ಷಾಳಿಗೆ ಖಾತ್ರಿಯಾಯಿತು.

ಸಿರಾ ಬಸ್‌ಸ್ಟ್ಯಾಂಡ್ ಎದುರಿನ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಅವಳು ಊರವರಿಗೆಲ್ಲ ರೆಸ್ಯೂಮ್ ಟೈಪ್ ಮಾಡಿಕೊಡುತ್ತಿದ್ದಳು. ಅವಳ ಕೈಗೆ ಸಿಕ್ಕ ವಾಚ್‌ಮನ್ ಸೆಕ್ಯುರಿಟಿ ಆಫೀಸರ್ ಆಗುತ್ತಿದ್ದ, ಕಸ ಗುಡಿಸುವವಳು ಹೌಸ್‌ಕೀಪಿಂಗ್ ಮ್ಯಾನೇಜರ್. ಬೇಡವೆಂದವರೇ ಇಲ್ಲ. ಈ ಯಶೋದ ಮಾತ್ರ ಎಡಗೆನ್ನೆಗೆ ಸೆರಗು ಒತ್ತಿಕೊಂಡು ಹಟ ಹಿಡಿದು ಕೂತಿದ್ದಳು. ಪಾಪ, ಹಲ್ಲುನೋವಿರಬೇಕು.

“ಕೇರ್‌ಟೇಕರ್ ಅಂತ ಹಾಕ್ತೀನಿ ಅಕ್ಕ.”

“ಬ್ಯಾಡ ಕಣಮ್ಮ, ಆಯಾ ಅಂತ್ಲೇ ಹಾಕು. ಶಿಶುವಿಹಾರದೋರು ನಾನು ಕೆಲ್ಸಕ್ಕಿದ್ದ ಮಧುಗಿರಿ ಮನೆಗೆ ಫೋನ್ ಮಾಡಿ ಕೇಳ್ತಾರಂತೆ. ಅವ್ರು ಹೇಳೋದೂ ಇದೂ ಒಂದೇ ಇರ್ಬೇಕು. ಈ ಕೆಲ್ಸ ತಪ್ಪೋದ್ರೆ ಮಕ್ಕಳ ಜೊತೆ ಇರೋಕೆ ನಂಗೆ ಬ್ಯಾರೆ ದಾರಿ ಇಲ್ಲ.”

“ಅಲ್ಲಿ ಆಯಾ ಆಗೋಕೆ ಮೊದ್ಲು ಎಲ್ಲಿದ್ರಿ?”

“ಅದೇ ಮನೇಲಿ. ಮಗು ಹುಟ್ಟೋ ತನಕ ಸುಮ್ನೆ ಇದ್ದೆ. ಒಂದು ಕಡ್ಡಿ ಎತ್ತೋಕೂ ಬುಡ್ಲಿಲ್ಲ ಆ ಮನೆ ಯಮ್ಮ.”

ಕೆಲಸದವಳನ್ನು ಕೂರಿಸಿ ಸಾಕುವವರುಂಟೆ? ರಕ್ಷಾ ನೇರವಾಗಿ ಕೇಳಿಯೇಬಿಟ್ಟಳು. “ಮತ್ಯಾಕೆ ಕಳಿಸಿದ್ರು? ಒಡವೆಗಿಡವೆ ಕಳೆದುಹೋಯ್ತಾ?”

ಯಶೋದಳ ಕಣ್ಣು ತುಂಬಿತು. “ಏನೂ ಎತ್ಕಂಡಿಲ್ಲ ಕಣಮ್ಮ. ನಂದಿದ್ದುದ್ನೂ ಅಲ್ಲೇ ಬುಟ್ಟು ಬಂದಿವ್ನಿ.”

“ಇವ್ಳೇ ಆ ಮಗು,” ಎಂದು ಅವಳು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಯೂನಿಫಾರ್ಮ್ ಹಾಕಿದ ಹುಡುಗಿ, ಎಡಗೆನ್ನೆಯ ಮೇಲೆ ಕಪ್ಪನೆಯ ಗುರುತು.

“ಇಷ್ಟುದ್ದ ಹುಡುಗಿಗೂ ದೃಷ್ಟಿಬೊಟ್ಟಾ?” ರಕ್ಷಾ ನಕ್ಕಳು.

“ಅದು ಬೊಟ್ಟಲ್ಲ. ಸಣ್ಣೋಳಿದ್ದಾಗ ಅದರ ಮ್ಯಾಲೆ ಕಾಡಿಗೆ ಇಟ್ಟು ಮುಚ್ಚಿಡ್ತಿದ್ವಿ. ಸ್ಕೂಲಿಗೆ ಸೇರಿದ್ಮೇಲೆ ನಾಚ್ಕೆ ಅಂತ ಒರೆಸ್ಕಂಡ್ಬುಟ್ಳು. ಬಂದ ನೆಂಟ್ರೆಲ್ಲ ಅವಳ್ನೂ ನನ್ನೂ ನೋಡೋಕೆ ಶುರು ಮಾಡಿದ್ರು. ಅದಕ್ಕೇ ಯಮ್ಮ ಕೈಮುಗಿದು ಕಳಿಸಿಬುಟ್ರು.”

ರಕ್ಷಾಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಒಡವೆಯ ಮಾತಾಡಬಾರದಿತ್ತು ಎಂದು ಮನಸ್ಸು ಚುಚ್ಚಿತು. ಹುದ್ದೆಯ ಮುಂದೆ ಆಯಾ ಎಂದೇ ಟೈಪ್ ಮಾಡಿದಳು. ಉಳಿದದ್ದು ಪಾಸ್‌ಪೋರ್ಟ್ ಫೋಟೊ ಒಂದೇ. ಯಶೋದಳನ್ನು ಬಿಳಿ ಪರದೆಯ ಮುಂದೆ ಕೂರಿಸಿ ಕ್ಯಾಮೆರಾ ಎತ್ತಿದಳು.

“ಸೆರಗು ತೆಗೀರಿ ಅಕ್ಕ, ಮುಖ ಪೂರ್ತಿ ಕಾಣ್ಬೇಕು.”

ಸೆರಗು ಇಳಿಯಿತು. ಎಡಗೆನ್ನೆಯ ಮೇಲೆ, ಅದೇ ಜಾಗದಲ್ಲಿ, ಹುಡುಗಿಗಿದ್ದಂಥದ್ದೇ ಕಪ್ಪು ಮಚ್ಚೆ.